ಓಡುವ ಕುದುರೆಯ ವಿಡಿಯೊ ಮತ್ತು ಜೀನಿನ ತೀರ್ಪು

ಕುದುರೆಗೆ ಜೀನು ಹೊಂದುತ್ತದೆಯೇ ಎಂದು ತಿಳಿಯಬೇಕಾದರೆ ಬಲ್ಲವರೊಬ್ಬರು ಲಾಯಕ್ಕೆ ಬಂದು, ಬೆನ್ನು ಸವರಿ, ಜೀನಿನ ಕೆಳಗೆ ಕೈ ತೂರಿಸಿ ನೋಡಬೇಕಿತ್ತು. ಈಗ ಇನ್ನೊಂದು ದಾರಿ ಬಳಕೆಗೆ ಬಂದಿದೆ. ಮಾಲೀಕರು ಕುದುರೆ ನಡೆಯುವುದನ್ನೂ ಓಡುವುದನ್ನೂ ಫೋನಿನಲ್ಲಿ ಸೆರೆಹಿಡಿದು ಕಳಿಸುತ್ತಾರೆ. ನೂರಾರು ಮೈಲಿ ಆಚೆ ಕೂತ, ಜೀನು ಹೊಂದಿಸುವ ಫಿಟ್ಟರ್ ಅದನ್ನು ನೋಡಿ ಈ ಜೀನು ಆಗುತ್ತದೆ ಅಥವಾ ಆಗುವುದಿಲ್ಲ ಎಂದು ತೀರ್ಪು ಕೊಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಓಡಾಟ ನಿಂತಾಗ ಇದು ಹಲವರಿಗೆ ಅನಿವಾರ್ಯವೂ ಆಯಿತು. ಬೆಂಗಳೂರಿನ ಸವಾರಿ ಶಾಲೆಗಳಿಗೆ ಇದು ದೂರದ ಮಾತಲ್ಲ. ಜೀನು ಹೊಂದಿಸುವುದನ್ನೇ ವೃತ್ತಿ ಮಾಡಿಕೊಂಡವರು ನಮ್ಮಲ್ಲಿ ವಿರಳ. ಜೀನು ಬರುವುದು ಕಾನ್ಪುರದಿಂದ ಅಥವಾ ಯುರೋಪಿನಿಂದ. ಈ ಪದ್ಧತಿಯ ಬೆನ್ನಿಗೇ ಒಂದು ನಂಬಿಕೆಯೂ ಬೆಳೆದಿದೆ: ಜೀನು ಕೆಲಸ ಮಾಡುವುದು ಚಲಿಸುವ ಕುದುರೆಯ ಮೇಲೆ, ಆದ್ದರಿಂದ ಚಲನೆಯ ಚಿತ್ರವೇ ಎಲ್ಲಕ್ಕಿಂತ ನಂಬಲರ್ಹವಾದ ಸಾಕ್ಷ್ಯ, ವಿಡಿಯೊ ಚೆನ್ನಾಗಿದ್ದರೆ ಫಿಟ್ಟರ್ ಖುದ್ದಾಗಿ ಬರಬೇಕಾದ ಅಗತ್ಯವಿಲ್ಲ. ಈ ಮಾತಿನ ಮೊದಲ ಅರ್ಧ ನಿಜ. ಎರಡನೆಯ ಅರ್ಧ ಅದರಿಂದ ಹುಟ್ಟುವುದೇ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಕುದುರೆಗಳು ನೋವು ತಿನ್ನುತ್ತವೆ ಎಂಬುದು ನನ್ನ ವಾದ.

ಮೊದಲು ಈ ನಂಬಿಕೆಯ ಬಲವನ್ನು ಪೂರ್ತಿ ಒಪ್ಪಿಕೊಳ್ಳೋಣ. ನಿಂತ ಕುದುರೆಯ ಬೆನ್ನಿನ ಅಳತೆ ಅರ್ಧ ಸತ್ಯ ಮಾತ್ರ. ಕುದುರೆಗೆ ನಮ್ಮಂತೆ ಕೊರಳೆಲುಬಿಲ್ಲ. ಮುಂಗಾಲು ಎದೆಗೂಡಿಗೆ ಅಂಟಿಕೊಂಡಿರುವುದು ಸ್ನಾಯುಗಳ ಬಲದಿಂದಲೇ. ಆ ಕಾಲು ಮುಂದಕ್ಕೆ ಚಾಚಿದಾಗ ಹೆಗಲ ಮೂಳೆಯ ಮೇಲ್ತುದಿ ಹಿಂದಕ್ಕೆ, ಅಂದರೆ ಜೀನಿನ ಕಡೆಗೆ ಸರಿಯುತ್ತದೆ. ನಿಂತಾಗ ಹೆಗಲಿನಿಂದ ಸರಿಯಾದ ಅಂತರದಲ್ಲಿದ್ದಂತೆ ಕಂಡ ಜೀನು ಓಡುವಾಗ ಅದಕ್ಕೆ ತಾಗಬಹುದು. ಜೀನಿನ ಹಿಂಬದಿ ಕೊನೆಯ ಪಕ್ಕೆಲುಬಿನಾಚೆ ಹೋಗಬಾರದು ಎಂಬ ನಿಯಮವನ್ನು ನಿಂತಾಗಲೇ ನೋಡಬಹುದು. ಆದರೆ ನಾಲ್ಕು ಸುತ್ತು ಓಡಿದ ಮೇಲೆ ಜೀನು ಮುಂದಕ್ಕೆ ಸರಿದು ಬರುತ್ತದೆಯೇ ಎಂಬುದನ್ನು ಓಡಿಸಿಯೇ ನೋಡಬೇಕು. ಭಾರದ ಲೆಕ್ಕವೂ ಹಾಗೆಯೇ. ನಡಿಗೆಯಲ್ಲಿ ಬೆನ್ನಿನ ಮೇಲೆ ಬೀಳುವ ಬಲ ಹೆಚ್ಚುಕಡಿಮೆ ಸವಾರನ ತೂಕದಷ್ಟೇ. ಟ್ರಾಟ್ ಎಂಬ ಮಧ್ಯಮ ಓಟದಲ್ಲಿ ಪ್ರತಿ ಹೆಜ್ಜೆಗೂ ಅದು ಸುಮಾರು ಎರಡು ಪಟ್ಟಿಗೆ ಏರುತ್ತದೆ, ಅದಕ್ಕಿಂತ ವೇಗದ ಕ್ಯಾಂಟರ್‌ನಲ್ಲಿ ಎರಡೂವರೆ ಪಟ್ಟಿಗೆ. 60 ಕಿಲೊ ಸವಾರ ಟ್ರಾಟ್‌ನಲ್ಲಿ ಕ್ಷಣಕ್ಷಣಕ್ಕೂ 120 ಕಿಲೊ ಆಗಿ ಇಳಿಯುತ್ತಾನೆ. ನಿಂತ ಕುದುರೆಯ ಬೆನ್ನಿಗೆ ಬಾಗುವ ಪಟ್ಟಿ ಒತ್ತಿ ಕಾಗದದ ಮೇಲೆ ಗೀಚಿಕೊಂಡ ರೇಖೆಗಳು ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಚಲನೆಯನ್ನು ನೋಡಲೇಬೇಕು ಎನ್ನುವವರು ಸರಿಯಾಗಿಯೇ ಹೇಳುತ್ತಿದ್ದಾರೆ.

ಈ ವಾದಕ್ಕೆ ಇತಿಹಾಸದ ಬೆಂಬಲವೂ ಉಂಟು. ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಚರ್ಚೆಯಾಗಿತ್ತು. ಚಿತ್ರಕಾರರು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವ ಕುದುರೆಗಳನ್ನು ಬರೆಯುತ್ತಿದ್ದರು. ಫ್ರಾನ್ಸಿನ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ರೇಸಿನ ಚಿತ್ರ ಅದಕ್ಕೆ ಹೆಸರಾದದ್ದು. 1878ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಲೆಲಂಡ್ ಸ್ಟ್ಯಾನ್‌ಫರ್ಡ್ ಅವರ ಕುದುರೆಗಳ ಓಟವನ್ನು ಸಾಲಾಗಿ ನಿಲ್ಲಿಸಿದ ಕ್ಯಾಮೆರಾಗಳಿಂದ ಸೆರೆಹಿಡಿದಾಗ ಉತ್ತರ ಸಿಕ್ಕಿತು. ನಾಲ್ಕೂ ಗೊರಸುಗಳು ನೆಲ ಬಿಡುತ್ತವೆ. ಆದರೆ ಕಾಲು ಚಾಚಿದಾಗ ಬಿಡುವುದಿಲ್ಲ, ಹೊಟ್ಟೆಯ ಕೆಳಗೆ ಒಟ್ಟಾದಾಗ ಬಿಡುತ್ತವೆ. ಶತಮಾನಗಳಿಂದ ಕುದುರೆಯ ಜತೆಗೇ ಬದುಕಿದವರ ಕಣ್ಣಿಗೆ ದಕ್ಕದ್ದು ಕ್ಯಾಮೆರಾಗೆ ದಕ್ಕಿತು. ಹಾಗಿದ್ದಮೇಲೆ ಜೀನಿನ ವಿಷಯದಲ್ಲೂ ಕ್ಯಾಮೆರಾವನ್ನು ಯಾಕೆ ನಂಬಬಾರದು ಎಂಬ ಪ್ರಶ್ನೆ ಸಹಜ.

ನಂಬಬಾರದು, ಏಕೆಂದರೆ ಎರಡು ಪ್ರಶ್ನೆಗಳ ಜಾತಿಯೇ ಬೇರೆ. ಗೊರಸು ನೆಲದ ಮೇಲಿದೆಯೇ ಇಲ್ಲವೇ ಎಂಬುದು ಕಾಣುವ ಸಂಗತಿ. ಆ ಕ್ಷಣವನ್ನು ನಿಲ್ಲಿಸಿ ತೋರಿಸಿದರೆ ಪ್ರಶ್ನೆ ಅಲ್ಲಿಗೇ ತೀರುತ್ತದೆ. ಚಿತ್ರಕ್ಕೂ ಉತ್ತರಕ್ಕೂ ನಡುವೆ ಊಹೆಗೆ ಜಾಗವೇ ಇಲ್ಲ. ಜೀನು ಹೊಂದುವುದೆಂದರೆ ಬೆನ್ನೆಲುಬಿನ ಎರಡೂ ಪಕ್ಕದ ಸ್ನಾಯುಗಳ ಮೇಲೆ ಭಾರ ಸಮನಾಗಿ ಹಂಚಿಹೋಗುವುದು. ಎಲುಬಿನ ಮೇಲೆ ನೇರವಾಗಿ ಬೀಳದಿರುವುದು, ಯಾವುದೋ ಒಂದು ಬಿಂದುವಿನಲ್ಲಿ ಗುಡ್ಡೆಯಾಗದಿರುವುದು. ಇದು ಒತ್ತಡದ ಪ್ರಶ್ನೆ. ಒತ್ತಡಕ್ಕೆ ಬಣ್ಣವಿಲ್ಲ, ಆಕಾರವಿಲ್ಲ. ಅದು ಇರುವುದು ಜೀನಿನ ಮೆತ್ತೆಗೂ ಚರ್ಮಕ್ಕೂ ನಡುವೆ, ಕ್ಯಾಮೆರಾ ಎಂದೂ ಹೋಗಲಾರದ ಜಾಗದಲ್ಲಿ. ವಿಡಿಯೊ ತೋರಿಸುವುದು ಮೇಲ್ಮೈಯ ಅಲುಗಾಟವನ್ನು. ಅಲುಗಾಟದಿಂದ ಒತ್ತಡಕ್ಕೆ ಹೋಗಬೇಕಾದರೆ ನಡುವೆ ಒಂದು ಊಹೆಯ ಹೆಜ್ಜೆ ಇಡಲೇಬೇಕು. ಮೈಬ್ರಿಜ್ ಆ ಹೆಜ್ಜೆ ಇಡಬೇಕಾಗಿರಲಿಲ್ಲ. ದೂರದ ಫಿಟ್ಟರ್ ಇಡಬೇಕು. ಆ ಹೆಜ್ಜೆ ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಎಲ್ಲರೂ ಮೊದಲು ನೋಡುವುದು ಜೀನು ಎಷ್ಟು ಅಲುಗುತ್ತದೆ ಎಂಬುದನ್ನು. ಹಿಂಬದಿ ಪುಟಿಯುವ, ಅಕ್ಕಪಕ್ಕ ತೂಗಾಡುವ ಜೀನು ಕೆಟ್ಟದ್ದು, ಅಲುಗದೆ ಕೂತದ್ದು ಒಳ್ಳೆಯದು ಎಂಬ ಸಮೀಕರಣ ಅವರ ತಲೆಯಲ್ಲಿರುತ್ತದೆ. ಇದರ ಮೊದಲ ಭಾಗವನ್ನು ಬಹುಮಟ್ಟಿಗೆ ಒಪ್ಪಬಹುದು. ಎರಡನೆಯದು ಅಪಾಯಕಾರಿ. ಜೀನಿನ ಒಳಗಿನ ಟ್ರೀ ಎಂಬ ಚೌಕಟ್ಟು ಬೆನ್ನಿಗಿಂತ ಕಿರಿದಾಗಿದ್ದರೆ ಅದರ ಮುಂದಿನ ಎರಡು ತುದಿಗಳು ಹೆಗಲ ಹಿಂದಿನ ಸ್ನಾಯುವನ್ನು ಇಕ್ಕಳದಂತೆ ಕಚ್ಚಿಕೊಳ್ಳುತ್ತವೆ. ಹಾಗೆ ಕಚ್ಚಿಕೊಂಡ ಜೀನು ಅಲುಗುವುದಿಲ್ಲ. ಬಿಗಿ ಚಪ್ಪಲಿ ಕಾಲಿನಿಂದ ಜಾರದು, ಹಾಗೆಂದು ಅದು ಸರಿಯಾದ ಅಳತೆಯದಾಗುವುದಿಲ್ಲ. ಇದರ ಮೇಲೆ ಕುದುರೆ ನೋಡಿಕೊಳ್ಳುವ ಸೈಸ್ ಹೊಟ್ಟೆಪಟ್ಟಿಯನ್ನು ಎರಡು ತೂತು ಹೆಚ್ಚು ಎಳೆದು ಬಿಗಿದಿದ್ದರೆ, ಅಡಿಯಲ್ಲಿ ಜಾರದ ರಬ್ಬರಿನ ಹಾಸು ಇದ್ದರೆ, ಜೀನು ಇನ್ನಷ್ಟು ನಿಶ್ಚಲವಾಗಿ ಕಾಣುತ್ತದೆ. ಕುದುರೆಯೂ ತನ್ನ ಪಾಲಿನ ಕೆಲಸ ಮಾಡುತ್ತದೆ: ನೋಯುವ ಬೆನ್ನನ್ನು ಅದು ಬಿಗಿಹಿಡಿಯುತ್ತದೆ, ಹೆಜ್ಜೆಯನ್ನು ಗಿಡ್ಡ ಮಾಡಿಕೊಳ್ಳುತ್ತದೆ. ಬಿಗಿಹಿಡಿದ ಬೆನ್ನಿನ ಏರಿಳಿತ ಕಡಿಮೆ, ಆದ್ದರಿಂದ ಅದರ ಮೇಲಿನ ಜೀನೂ ಶಾಂತ. ಅಂದರೆ ಅತಿ ಹೆಚ್ಚು ನೋಯಿಸುವ ಜೀನು ಅತಿ ಸುಂದರವಾದ ವಿಡಿಯೊ ಕೊಡುವ ಸಾಧ್ಯತೆ ಇದೆ. ಇದು ಅಪರೂಪಕ್ಕೆ ಆಗುವ ಎಡವಟ್ಟಲ್ಲ. ನಿಶ್ಚಲತೆಯನ್ನೇ ಮೆಚ್ಚುವ ಕಣ್ಣು ಪ್ರತಿ ಸಲವೂ ಈ ದಿಕ್ಕಿಗೇ ವಾಲುತ್ತದೆ.

ಇನ್ನು ಅಲುಗಾಟ ಕಂಡಾಗಲಾದರೂ ಅದು ಜೀನಿನ ದೋಷವೇ ಎನ್ನಬಹುದೇ? ಹಿಂದಿನಿಂದ ತೆಗೆದ ವಿಡಿಯೊದಲ್ಲಿ ಜೀನು ಬಲಕ್ಕೆ ಸರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಕನಿಷ್ಠ ನಾಲ್ಕು ಕಾರಣಗಳಿರಬಹುದು.

1. ಜೀನಿನದೇ ದೋಷ: ಒಳಚೌಕಟ್ಟು ತಿರುಚಿದೆ, ಅಥವಾ ಮೆತ್ತೆಯ ಉಣ್ಣೆ ಒಂದು ಬದಿಗೆ ಕುಗ್ಗಿದೆ.

2. ಸವಾರನ ದೋಷ: ಒಂದು ರಿಕಾಪಿನ ಮೇಲೆ ಹೆಚ್ಚು ಭಾರ ಬಿಡುತ್ತಾನೆ, ಅಥವಾ ಸೊಂಟವನ್ನು ಒಂದು ಬದಿಗೆ ಕುಸಿಸಿ ಕೂರುತ್ತಾನೆ.

3. ಕುದುರೆಯ ಎರಡು ಹೆಗಲುಗಳ ಸ್ನಾಯು ಸಮನಾಗಿಲ್ಲ. ಸಮನಾಗಿರುವ ಕುದುರೆಯೇ ಕಡಿಮೆ.

4. ಕುದುರೆ ಹಿಂಗಾಲಿನಲ್ಲಿ ಕುಂಟುತ್ತಿದೆ.

ನಾಲ್ಕನೆಯದನ್ನು ಯಾರೂ ಮೊದಲು ಎಣಿಸುವುದಿಲ್ಲ. ಪಶುವೈದ್ಯರಾದ ಲೀನ್ ಗ್ರೇವ್ ಮತ್ತು ಸೂ ಡೈಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಹಿಂಗಾಲು ಕುಂಟುವ ಕುದುರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜೀನು ಒಂದು ಬದಿಗೆ ಜಾರುತ್ತಿತ್ತು, ಬಹುತೇಕ ಕುಂಟುವ ಕಾಲಿನ ಕಡೆಗೇ. ಆ ಕಾಲಿನ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕುಂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ ಹೆಚ್ಚುಕಡಿಮೆ ಎಲ್ಲ ಕುದುರೆಗಳಲ್ಲೂ ಜಾರುವುದು ನಿಂತಿತು. ಜೀನು ಅದೇ, ಸವಾರ ಅದೇ. ಬದಲಾದದ್ದು ಕಾಲಿನ ನೋವು ಮಾತ್ರ. ಈಗ ದೂರದ ಫಿಟ್ಟರ್ ಏನು ಮಾಡುತ್ತಾರೆ ಯೋಚಿಸಿ. ಜೀನು ಬಲಕ್ಕೆ ಜಾರುವುದನ್ನು ನೋಡಿ, ಬಲಬದಿಯ ಮೆತ್ತೆಗೆ ಇನ್ನಷ್ಟು ಉಣ್ಣೆ ತುಂಬಿಸಿ ಎನ್ನುತ್ತಾರೆ. ಮುಂದಿನ ವಿಡಿಯೊದಲ್ಲಿ ಜೀನು ನೆಟ್ಟಗೆ ಕೂತಿರುತ್ತದೆ, ಎಲ್ಲರಿಗೂ ಸಮಾಧಾನ. ಬಲ ಹಿಂಗಾಲಿನ ನೋವು ಇದ್ದಲ್ಲೇ ಇದೆ, ಅದನ್ನು ಹೊರಗೆ ತೋರಿಸುತ್ತಿದ್ದ ಲಕ್ಷಣವನ್ನು ಮಾತ್ರ ಅಳಿಸಿಹಾಕಿದ್ದಾಯಿತು.

ಚಿತ್ರ ತೆಗೆಯುವ ರೀತಿಯಿಂದಲೇ ಹುಟ್ಟುವ ತಪ್ಪುಗಳೂ ಇವೆ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ಇಲ್ಲಿ ಲೆಕ್ಕ ಹಾಕಿಯೇ ಪರೀಕ್ಷಿಸಬಹುದು. ಜೀನಿನ ಉದ್ದ ಸುಮಾರು 45 ಸೆಂಟಿಮೀಟರ್. ಕುದುರೆಯ ಹಿಂದೆ 10 ಮೀಟರ್ ದೂರದಲ್ಲಿ ನಿಂತು ಚಿತ್ರಿಸುವವರು ಅದರ ಬೆನ್ನೆಲುಬಿನ ನೇರಕ್ಕೆ ನಿಲ್ಲದೆ 90 ಸೆಂಟಿಮೀಟರ್ ಪಕ್ಕಕ್ಕಿದ್ದರೆ ನೋಟದ ಕೋನ ಐದು ಡಿಗ್ರಿ ಓರೆಯಾಗುತ್ತದೆ. ಅಷ್ಟಕ್ಕೇ ಜೀನಿನ ಮುಂದಿನ ತುದಿ ಹಿಂದಿನ ತುದಿಗಿಂತ ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ ತೋರುತ್ತದೆ. ಚಿತ್ರ ನೋಡಿದವರು ಜೀನು ತಿರುಗಿಕೊಂಡಿದೆ ಎನ್ನುತ್ತಾರೆ. ಓರೆಯಾದದ್ದು ಚಿತ್ರ ತೆಗೆದವರ ನಿಲುವು. ವೃತ್ತದಲ್ಲಿ ಓಡಿಸಿದರೆ ಕುದುರೆ ತಾನೇ ಒಳಕ್ಕೆ ವಾಲುವುದರಿಂದ ಗೊಂದಲ ಇನ್ನೂ ಹೆಚ್ಚು. ಕಾಲದ ಲೆಕ್ಕವೂ ಬಿಗಿಯೇ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ-ಚೌಕಟ್ಟುಗಳನ್ನು (ಫ್ರೇಮ್) ಹಿಡಿಯುತ್ತದೆ. ಸೆಕೆಂಡಿಗೆ ಮೂರೂವರೆ ಮೀಟರ್ ವೇಗದ ಟ್ರಾಟ್‌ನಲ್ಲಿ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಕುದುರೆ ಹನ್ನೊಂದು ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಗೊರಸು ನೆಲಕ್ಕೆ ತಾಗಿದ ಕ್ಷಣ ಆ ಸಂದಿಯಲ್ಲೇ ಕಳೆದುಹೋಗಬಹುದು. ಈ ತೊಂದರೆಗಳಿಗೆ ಪರಿಹಾರವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ: ಬೆನ್ನಿನ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ನೇರ ಗೆರೆಯ ಮೇಲೆ ಓಟ, ಸೆಕೆಂಡಿಗೆ 120 ಅಥವಾ 240 ಚೌಕಟ್ಟುಗಳ ನಿಧಾನಗತಿಯ ಚಿತ್ರಣ. ಆದರೆ ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಹೆಚ್ಚು ನಿಖರವಾದ ಮೇಲ್ಮೈಯೇ. ಮೇಲೆ ಹೇಳಿದ ಊಹೆಯ ಹೆಜ್ಜೆ ಒಂದಿಷ್ಟೂ ಕಿರಿದಾಗುವುದಿಲ್ಲ.

ಹಾಗಾದರೆ ವಿಡಿಯೊ ನಿರರ್ಥಕವೇ? ಹಾಗೆನ್ನುವವರೂ ಇದ್ದಾರೆ, ಅವರ ಮಾತನ್ನೂ ನಾನು ಒಪ್ಪುವುದಿಲ್ಲ. ವಿಡಿಯೊದ ಬಲ ಒಂದೇ ದಿಕ್ಕಿನದು: ಅದು ಜೀನನ್ನು ತಿರಸ್ಕರಿಸಬಲ್ಲದು, ಅನುಮೋದಿಸಲಾರದು. ಹಿಂಬದಿ ಪ್ರತಿ ಹೆಜ್ಜೆಗೂ ಬೆನ್ನಿನಿಂದ ಎದ್ದು ಬಡಿಯುತ್ತಿದ್ದರೆ, ಮುಂಬದಿ ಇಳಿದು ಹೆಗಲ ಉಬ್ಬಿನ ಮೇಲೆ ಕೂತಿದ್ದರೆ, ಈ ಜೀನಿನಲ್ಲಿ ಈ ಕುದುರೆಯನ್ನು ಇವತ್ತಿನಿಂದ ಓಡಿಸಬೇಡಿ ಎನ್ನಲು ಅಷ್ಟು ಸಾಕು. ಕಾರಣ ಯಾವುದೇ ಇರಲಿ, ಓಟ ನಿಲ್ಲಿಸುವುದು ಸರಿಯೇ. ಕುದುರೆಯ ಮುಖ ಮತ್ತು ನಡವಳಿಕೆಯ ವಿಷಯದಲ್ಲಂತೂ ವಿಡಿಯೊ ನಿಜಕ್ಕೂ ದೊಡ್ಡ ಸಾಧನ. ಸವಾರಿಯ ಹೊತ್ತಿನಲ್ಲಿ ಕುದುರೆ ತೋರುವ 24 ವರ್ತನೆಗಳ ಪಟ್ಟಿಯೊಂದನ್ನು ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಮುಂದಿಟ್ಟರು: ಕಿವಿ ಹಿಂದಕ್ಕೆ ಮಡಚಿಟ್ಟುಕೊಳ್ಳುವುದು, ಬಾಲ ಬೀಸುವುದು, ಬಾಯಿ ತೆರೆದು ಹಲ್ಲು ಕಾಣುವಂತೆ ಓಡುವುದು, ಕಣ್ಣಿನ ಬಿರುನೋಟ, ಹೀಗೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಕುದುರೆಗೆ ಎಲ್ಲೋ ನೋವಿದೆ ಎಂದು ಬಲವಾಗಿ ಸಂಶಯಿಸಬೇಕು. ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು, ಮೈಬ್ರಿಜ್‌ನ ಪ್ರಶ್ನೆಯ ಜಾತಿಗೆ ಸೇರಿದವು. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇಬ್ಬರು ಮೂವರು ಕೂತು ಎಣಿಸಬಹುದು. ಆದರೆ ಪಟ್ಟಿ ನೋವಿದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಕಾಲೋ, ಬೆನ್ನೋ, ಬಾಯೊಳಗಿನ ಕಡಿವಾಣದ ಕಬ್ಬಿಣವೋ, ಜೀನೋ ಎಂಬುದನ್ನು ಬೇರೆಯೇ ದಾರಿಯಲ್ಲಿ ಹುಡುಕಬೇಕು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಹೀಗಿದೆ: ಲಾಯಕ್ಕೆ ಬಂದ ಫಿಟ್ಟರ್ ಕೂಡ ಓಡುವ ಕುದುರೆಯ ಜೀನಿನ ಕೆಳಗೆ ಕೈ ಇಡಲಾರರು. ಅವರೂ ನೋಡುವುದು ಮೇಲ್ಮೈಯನ್ನೇ, ಅದೂ ಒಂದೇ ಸಲ, ಬರಿಗಣ್ಣಿನಿಂದ. ಕುದುರೆಯ ಎರಡು ಬದಿಗಳ ಚಲನೆಯಲ್ಲಿ ಸುಮಾರು ಶೇ 25ರಷ್ಟು ವ್ಯತ್ಯಾಸ ಬರುವವರೆಗೆ ಮನುಷ್ಯನ ಕಣ್ಣು ಅದನ್ನು ನಂಬುವಂತೆ ಗುರುತಿಸಲಾರದು ಎಂದು 2009ರ ಒಂದು ಅಧ್ಯಯನ ತೋರಿಸಿತು. ಕುಂಟು ಅಲ್ಪವಾಗಿದ್ದಾಗ ಅನುಭವಿ ಪಶುವೈದ್ಯರ ನಡುವೆಯೂ ಒಮ್ಮತ ಕಡಿಮೆ. ಇದೆಲ್ಲ ನಿಜ. ಬಂದವರ ಕಣ್ಣು ವಿಡಿಯೊಗಿಂತ ಮೇಲೆಂದು ನಾನು ಹೇಳುತ್ತಿಲ್ಲ, ಕೆಳಗೇ ಇರಬಹುದು. ಆದರೆ ಬಂದವರಲ್ಲಿ ಕಣ್ಣಿನ ಹೊರತಾಗಿ ಎರಡು ಸಂಗತಿಗಳಿವೆ. ಒಂದು ಕೈ: ಓಟಕ್ಕೆ ಮೊದಲೂ ಆಮೇಲೂ ಬೆನ್ನಿನ ಸ್ನಾಯುವನ್ನು ಒತ್ತಿ, ಎಲ್ಲಿ ಕುದುರೆ ಮೈ ಸೆಳೆದುಕೊಂಡಿತು ಎಂದು ತಿಳಿಯುವುದು, ಸವಾರ ಮೇಲಿದ್ದಾಗಲೇ ಮೆತ್ತೆಯ ಕೆಳಗೆ ಅಂಗೈ ಜಾರಿಸಿ, ಮಧ್ಯದಲ್ಲಿ ಟೊಳ್ಳು ಬಿಟ್ಟು ಎರಡು ತುದಿಗಳಲ್ಲೇ ಭಾರ ನಿಂತಿದೆಯೇ ಎಂದು ನೋಡುವುದು. ಇನ್ನೊಂದು, ಬದಲಿಸಿ ನೋಡುವ ಅವಕಾಶ. ಬಲಗಡೆ ಒಂದು ತೆಳು ಮೆತ್ತೆ ಇಟ್ಟು ಮತ್ತೆ ಓಡಿಸುವುದು, ಸವಾರನನ್ನು ಬದಲಿಸಿ ಓಡಿಸುವುದು, ಜೀನನ್ನೇ ತೆಗೆದು ಉದ್ದ ಹಗ್ಗ ಹಿಡಿದು ಸುತ್ತ ಓಡಿಸುವುದು. ನಾಲ್ಕು ಕಾರಣಗಳಲ್ಲಿ ಯಾವುದು ಎಂದು ಬೇರ್ಪಡಿಸುವುದು ಈ ಬದಲಾವಣೆಗಳೇ. ಗ್ರೇವ್ ಮತ್ತು ಡೈಸನ್ ಮಾಡಿದ್ದೂ ಇದನ್ನೇ: ಬರೀ ನೋಡಲಿಲ್ಲ, ನೋವನ್ನು ತೆಗೆದು ನೋಡಿದರು.

ಎರಡನೆಯ ಸಂಗತಿ ದೂರದಿಂದಲೂ ಸಾಧ್ಯ ಎಂದು ಯಾರಾದರೂ ಹೇಳಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ. ಒಂದೇ ವಿಡಿಯೊ ನೋಡಿ ತೀರ್ಪು ಕೊಡುವ ಬದಲು, ಫಿಟ್ಟರ್ ಒಂದು ಸರಣಿ ಕೇಳಬೇಕು: ಅದೇ ದಿನ, ಅದೇ ನೆಲ, ಎರಡೂ ದಿಕ್ಕು, ಜೀನಿಲ್ಲದೆ ಒಮ್ಮೆ, ಜೀನು ಹಾಕಿ ಸವಾರನಿಲ್ಲದೆ ಒಮ್ಮೆ, ಸವಾರನೊಂದಿಗೆ ಒಮ್ಮೆ, ಬೇರೆ ಸವಾರನೊಂದಿಗೆ ಮತ್ತೊಮ್ಮೆ. ಜೀನಿಲ್ಲದೆಯೂ ಹೆಜ್ಜೆ ಅಸಮವಾಗಿದ್ದರೆ ಜೀನಿನ ಮಾತು ಅಲ್ಲಿಗೇ ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು. ಇಂಥ ಹೋಲಿಕೆಯಲ್ಲಿ ವಿಡಿಯೊ ತನ್ನ ನಿಜವಾದ ಬೆಲೆ ಪಡೆಯುತ್ತದೆ. ಕುಂಟನ್ನು ಫೋನಿನ ಚಿತ್ರದಿಂದಲೇ ಅಳೆಯುವ ಸ್ವೀಡನ್ನಿನ ಸ್ಲೀಪ್‌ನಂಥ ತಂತ್ರಾಂಶಗಳು ಬಂದಿವೆ. ಕಣ್ಣಿಗೆ ದಕ್ಕದ ಅಸಮತೆಯನ್ನು ಹಿಡಿಯುವ ಮಟ್ಟಿಗೆ ಅವು ಉಪಯುಕ್ತ. ನಾಲ್ಕನೆಯ ಕಾರಣವನ್ನು ಮೊದಲೇ ಹೊರಗಿಡಲು ಅವನ್ನು ಬಳಸಬೇಕು. ಅವು ಜೀನಿನ ಒತ್ತಡ ಅಳೆಯುತ್ತವೆ ಎಂದು ಭಾವಿಸಿದರೆ ಹಳೆಯ ತಪ್ಪನ್ನೇ ಹೊಸ ಅಂಕಿಗಳಲ್ಲಿ ಮಾಡಿದಂತೆ. ಒತ್ತಡ ಅಳೆಯಲು ಜೀನಿನ ಕೆಳಗೆ ಹಾಸುವ ಸಂವೇದಕದ ಹಾಸುಗಳಿವೆ, ಅವು ದುಬಾರಿ, ಮತ್ತು ಅವನ್ನು ಹಾಸಲೂ ಯಾರೋ ಬರಲೇಬೇಕು.

ಕೊನೆಯ ಆಕ್ಷೇಪ ನಮ್ಮವರದು: ಬರುವವರೇ ಇಲ್ಲದ ಕಡೆ ವಿಡಿಯೊವಾದರೂ ಇರಲಿ, ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ? ವಿಡಿಯೊ ನೋಡಿದ ಫಿಟ್ಟರ್ 'ಬೇಡ' ಎಂದಾಗ ಖಂಡಿತ ಮೇಲು. 'ಸರಿಯಿದೆ' ಎಂದಾಗ ಏನೂ ಇಲ್ಲದ್ದಕ್ಕಿಂತ ಕೆಳಗೆ. ಏನೂ ಇಲ್ಲದವರಿಗೆ ಕನಿಷ್ಠ ಸಂಶಯ ಉಳಿದಿರುತ್ತದೆ. ಕುದುರೆ ಜೀನು ಕಂಡೊಡನೆ ಕಿವಿ ಮಡಚಿದರೆ ಜೀನನ್ನೊಮ್ಮೆ ತಿರುಗಿಸಿ ನೋಡುತ್ತಾರೆ. ಪರಿಣತರ ಒಪ್ಪಿಗೆ ಕೈಯಲ್ಲಿದ್ದವರು ಅದೇ ಕಿವಿಯನ್ನು ಮೊಂಡುತನ ಎಂದು ಓದುತ್ತಾರೆ, ಚಾಟಿ ತೆಗೆಯುತ್ತಾರೆ. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು ಹಲವಿರುತ್ತವೆ. ರೇಸ್ ಬಿಟ್ಟು ಹೊಸ ಕೆಲಸಕ್ಕೆ ಒಗ್ಗುವ ತಿಂಗಳುಗಳಲ್ಲಿ ಅವುಗಳ ಬೆನ್ನಿನ ಆಕಾರ ಬೇಗ ಬದಲಾಗುತ್ತದೆ. ಮಾರ್ಚಿನಲ್ಲಿ ಕೊಟ್ಟ ಒಪ್ಪಿಗೆ ಜುಲೈಯ ಬೆನ್ನಿಗೆ ಅನ್ವಯಿಸಬೇಕಿಲ್ಲ. ಅದೇ ಜೀನನ್ನು ದಿನಕ್ಕೆ ಎರಡು ಮೂರು ಕುದುರೆಗಳ ಮೇಲೆ ಹಾಕುವ ರೂಢಿಯೂ ಕೆಲವೆಡೆ ಇದೆ. ಇಂಥ ಕಡೆ ಒಂದು ವಿಡಿಯೊದ ತೀರ್ಪು ಎಷ್ಟು ದಿನ ಬಾಳೀತು?

ಇಲ್ಲಿ ಕೊರತೆ ಕಣ್ಣಿನದಲ್ಲ, ಕೈಯದು. ಆ ಕೈ ಲಾಯದಲ್ಲೇ ಇದೆ. ದಿನವೂ ಜೀನು ಹಾಕಿ ತೆಗೆಯುವ ಸೈಸ್ ಓಟ ಮುಗಿದೊಡನೆ ಬೆನ್ನಿನ ಮೇಲೆ ಅಂಗೈ ಓಡಿಸಿದರೆ ದೂರದ ಯಾವ ಪರಿಣತರಿಗೂ ಸಿಗದ ಮಾಹಿತಿ ಅವರಿಗೆ ಸಿಗುತ್ತದೆ: ಹೆಗಲ ಹಿಂದೆ ಬಿಸಿಯಾಗಿದೆಯೇ, ಜೀನು ಮುಗಿಯುವಲ್ಲಿ ಒತ್ತಿದರೆ ಬೆನ್ನು ಕುಸಿಯುತ್ತದೆಯೇ, ಹಿಂದಿನ ವಾರ ಇಲ್ಲದ ಬಿಳಿ ಕೂದಲು ಎಲ್ಲಾದರೂ ಮೂಡಿದೆಯೇ. ಇದನ್ನು ಕಲಿಸಲು ಹೆಚ್ಚು ಕಾಲ ಬೇಡ; ವಾರಕ್ಕೊಮ್ಮೆ ಬರೆದಿಡಲು ಒಂದು ಪುಸ್ತಕ ಸಾಕು. ನಾಲ್ಕೈದು ಶಾಲೆಗಳು ಸೇರಿ ವರ್ಷಕ್ಕೊಮ್ಮೆ ಒಬ್ಬ ಫಿಟ್ಟರ್‌ನನ್ನು ಕರೆಸಿಕೊಂಡು, ಅವರಿಂದ ಜೀನು ನೋಡಿಸುವುದರ ಜತೆಗೆ ಸೈಸ್‌ಗಳಿಗೂ ಹೇಳಿಕೊಡಿಸಿದರೆ, ಆಮೇಲೆ ಕಳಿಸುವ ಪ್ರತಿ ವಿಡಿಯೊದ ಜತೆ ಆ ಪುಸ್ತಕದ ಪುಟವೂ ಹೋಗುತ್ತದೆ. ಆಗ ದೂರದಲ್ಲಿ ಕೂತವರು ಕೇಳಬೇಕಾದ ಮೊದಲ ಪ್ರಶ್ನೆಗೆ, ಬೆನ್ನು ಎಲ್ಲಿ ನೋಯುತ್ತಿದೆ ಎಂಬುದಕ್ಕೆ, ಉತ್ತರ ಸಿಕ್ಕಿರುತ್ತದೆ.